ಗುಹೆಯ ಬಾಗಿಲಲ್ಲೇ ನಿಂತ ಫ್ಯಾಂಟಮ್

ಅಮೆರಿಕದ ಲೇಖಕ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್‌ನ ಮೊದಲ ಕಂತು ಪತ್ರಿಕೆಗಳಲ್ಲಿ ಬಂದದ್ದು 1936ರ ಫೆಬ್ರವರಿ 17ರಂದು. ಆ ಮೊದಲ ಕಥೆಯಲ್ಲಿಯೇ ಕಾಣಿಸಿಕೊಂಡ ಡಯಾನಾ ಪಾಮರ್‌ಳನ್ನು ಅವನು ಮದುವೆಯಾದದ್ದು 1977ರಲ್ಲಿ. ನಡುವೆ ನಲವತ್ತೊಂದು ವರ್ಷ. ಅಷ್ಟರಲ್ಲಿ ಒಂದು ಮಹಾಯುದ್ಧ ಮುಗಿಯಿತು, ಏಷ್ಯಾ ಮತ್ತು ಆಫ್ರಿಕಾದ ಹತ್ತಾರು ದೇಶಗಳು ಸ್ವತಂತ್ರವಾದವು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಡಯಾನಾ ಮಾತ್ರ ಕಾಯುತ್ತಲೇ ಇದ್ದಳು. ಮಾತುಕತೆ ಆದ ಮೇಲೆ ನಲವತ್ತೊಂದು ವರ್ಷ ನಿಕಾಹ್ ಮುಂದೂಡಿದ ಗಂಡಿನ ಮನೆಯವರನ್ನು ನಮ್ಮ ಮೊಹಲ್ಲಾದ ಹಿರಿಯರು ಸುಮ್ಮನೆ ಬಿಡುತ್ತಿರಲಿಲ್ಲ. ಫ್ಯಾಂಟಮ್‌ನ ಓದುಗರು ಬಿಟ್ಟರು. ಯಾಕೆ ಬಿಟ್ಟರು, ಬಿಟ್ಟು ಏನು ಪಡೆದರು ಎಂಬುದನ್ನು ಈಗಲಾದರೂ ಕೇಳಬೇಕು ಎನಿಸುತ್ತದೆ.

ಮಕ್ಕಳ ಚಿತ್ರಕಥೆಯ ಮೇಲೆ ಇಷ್ಟು ಗಂಭೀರ ವಿಚಾರಣೆ ಬೇಕೇ ಎಂದು ಕೆಲವರು ಕೇಳಬಹುದು. ಕುದೇರಿನಂಥ ಊರುಗಳಲ್ಲಿ ಅಕ್ಷರ ಕಲಿತ ಒಂದೆರಡು ತಲೆಮಾರಿಗೆ ಪಠ್ಯಪುಸ್ತಕದ ಆಚೆಗೆ ಸಿಕ್ಕಿದ ಮೊದಲ ಓದು ಇಂಥದ್ದೇ. ‘ಸುಧಾ’ ವಾರಪತ್ರಿಕೆ ಊರಿಗೆ ಒಂದೋ ಎರಡೋ ಪ್ರತಿ ಬರುತ್ತಿತ್ತು. ಟೈಲರ್ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಬೀಡಿ ಸುತ್ತುವ ಮನೆಗಳ ಜಗಲಿಯಲ್ಲಿ ಅದು ಕೈಯಿಂದ ಕೈಗೆ ಹೋಗಿ, ಕೊನೆಗೆ ಕಡಲೆಕಾಯಿ ಕಟ್ಟುವ ಪೊಟ್ಟಣವಾಗುತ್ತಿತ್ತು. ದೊಡ್ಡವರು ಧಾರಾವಾಹಿ ಓದುತ್ತಿದ್ದರು. ನಾವು ಫ್ಯಾಂಟಮ್ ಓದುತ್ತಿದ್ದೆವು. ಬೆಳಿಗ್ಗೆ ಮದರಸಾದಲ್ಲಿ ಉರ್ದು, ಹಗಲು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಯುತ್ತಿದ್ದ ಹುಡುಗರಿಗೆ ಚಿತ್ರವಿರುವ ಕಥೆ ಎರಡೂ ಲಿಪಿಗಳಿಂದ ಸ್ವಲ್ಪ ಬಿಡುವು ಕೊಡುತ್ತಿತ್ತು ಎಂಬುದೂ ನಿಜ.

ಆ ಕಂತುಗಳಲ್ಲಿ ಇರುತ್ತಿದ್ದದ್ದೇನು? ಈ ವಾರ ಫ್ಯಾಂಟಮ್ ಕಾಡಿನ ದಾರಿಯಲ್ಲಿ ಕುದುರೆ ನಿಲ್ಲಿಸಿ ಏನನ್ನೋ ಆಲಿಸುತ್ತಾನೆ. ಮುಂದಿನ ವಾರ ಅದೇ ಕುದುರೆ, ಅದೇ ಮರ, ಕಳೆದ ವಾರ ನಡೆದದ್ದನ್ನು ನೆನಪಿಸುವ ಒಂದು ಚೌಕ; ಆಮೇಲೆ ನಾಯಿಯಂತೆ ಕಾಣುವ ತೋಳ ಡೆವಿಲ್ ಗುರುಗುಟ್ಟುತ್ತದೆ. ಅದರ ಮುಂದಿನ ವಾರ ‘ಇದು ಹಳೆಯ ಕಾಡಿನ ಮಾತು’ ಎಂದು ಅವನ ಶೌರ್ಯ ಸಾರುವ ಒಂದು ಗಾದೆ. ಆ ಕಾಡಿನಲ್ಲಿ ಮರಗಳಿಗಿಂತ ಗಾದೆಗಳೇ ಹೆಚ್ಚು. ನಾಲ್ಕನೆಯ ವಾರ ಬಸ್ಸಿನಲ್ಲಿ ಪತ್ರಿಕೆ ಬಾರದೇ ಹೋದರೆ ನಮಗೆ ಏನೂ ನಷ್ಟವಾಗುತ್ತಿರಲಿಲ್ಲ. ಐದನೆಯ ವಾರವೂ ಅವನು ಗುಹೆಯ ಬಾಗಿಲಲ್ಲೇ ನಿಂತಿರುತ್ತಿದ್ದ.

ಇದಕ್ಕೆ ಒಂದು ಕಸುಬಿನ ಕಾರಣ ಇದೆ. ಫ್ಯಾಂಟಮ್ ಹುಟ್ಟಿದ್ದು ದಿನಪತ್ರಿಕೆಯ ಪಟ್ಟಿಯಾಗಿ, ದಿನಕ್ಕೆ ಮೂರೋ ನಾಲ್ಕೋ ಚೌಕಗಳ ಅಳತೆಯಲ್ಲಿ. 1939ರಿಂದ ಭಾನುವಾರಕ್ಕೆ ಬೇರೆಯೇ ಬಣ್ಣದ ಪುಟ, ಬೇರೆಯೇ ಕಥೆ. ನಿನ್ನೆಯ ಪತ್ರಿಕೆ ನೋಡದವನಿಗಾಗಿ ಮೊದಲ ಚೌಕ ಹಿಂದಿನದನ್ನು ಹೇಳಬೇಕು, ನಾಳೆ ಪತ್ರಿಕೆ ಕೊಳ್ಳಲೆಂದು ಕೊನೆಯ ಚೌಕ ಏನನ್ನಾದರೂ ನೇತುಹಾಕಬೇಕು. ಕಥೆ ನಡೆಯಲು ಉಳಿಯುವುದು ನಡುವಿನ ಚೌಕ ಮಾತ್ರ. ಒಂದು ಕಾಲು ಹಿಂದಕ್ಕೆ, ಒಂದು ಕಾಲು ಗಾಳಿಯಲ್ಲಿ. ಅಂಥ ನಡಿಗೆಯಲ್ಲಿ ಕಥೆಯೊಂದು ಆರು ತಿಂಗಳು ಹಿಡಿದರೆ ಅಚ್ಚರಿಯಿಲ್ಲ. ಆ ಮೊದಲ ಕಥೆಯೇ ಫೆಬ್ರವರಿಯಲ್ಲಿ ತೊಡಗಿ ನವೆಂಬರ್‌ವರೆಗೆ ನಡೆಯಿತು.

ಅಳತೆಯೊಂದೇ ಕಾರಣ ಎಂದು ನಾವು ಒಪ್ಪುವುದಿಲ್ಲ. ಇದೇ ಕಥೆಗಳನ್ನು ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚ್‌ನಿಂದ ‘ಇಂದ್ರಜಾಲ್ ಕಾಮಿಕ್ಸ್’ ಎಂಬ ಪುಸ್ತಿಕೆಗಳಾಗಿ ತಂದರು. ಮೊದಲ 32 ಸಂಚಿಕೆಗಳೂ ಫ್ಯಾಂಟಮ್‌ನವೇ. 1990ರಲ್ಲಿ ನಿಲ್ಲುವ ಹೊತ್ತಿಗೆ ಸಂಚಿಕೆಗಳ ಸಂಖ್ಯೆ ಎಂಟು ನೂರು ದಾಟಿತ್ತು. ಪುಟಗಳ ಮಿತಿಗೆ ಹೊಂದಿಸಲು ಅವರು ಹೇಳಿದ್ದನ್ನೇ ಹೇಳುವ ಚೌಕಗಳಿಗೆ ಕತ್ತರಿ ಹಾಕುತ್ತಿದ್ದರು. ಆರು ತಿಂಗಳ ಕಥೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಪಟ್ಟಣದ ಹಳೇ ಪುಸ್ತಕದ ಅಂಗಡಿಯಿಂದ ಅವು ನಮ್ಮ ಕೈಗೆ ಬಂದಾಗ ಓಟ ಜೋರಾಯಿತು, ಹಸಿವು ಹಾಗೆಯೇ ಉಳಿಯಿತು. ಕತ್ತರಿಯಿಂದ ಬಿಡುಗಡೆಯಾದ ಕಥೆಯೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅದೇ ಕಪಾಲ ಗುಹೆಯ ಮುಂದೆ. ಹಾಗಾದರೆ ತೊಡಕು ವೇಗದಲ್ಲಿ ಇಲ್ಲ. ಅದನ್ನು ಬೇರೆ ಕಡೆ ಹುಡುಕಬೇಕು.

ನಿಧಾನವನ್ನು ದ್ವೇಷಿಸುವವರು ನಾವಲ್ಲ. ಉರ್ದು ಕಲಿತವರಿಗೆ ದಾಸ್ತಾನ್ ಪರಂಪರೆ ಗೊತ್ತಿರುತ್ತದೆ. ಲಖನೌದ ನವಲ್ ಕಿಶೋರ್ ಪ್ರೆಸ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಚ್ಚು ಹಾಕಲು ತೊಡಗಿದ ಅಮೀರ್ ಹಂಝಾನ ದಾಸ್ತಾನ್ ಇಪ್ಪತ್ತನೆಯ ಶತಮಾನಕ್ಕೆ ಕಾಲಿಟ್ಟು 46 ಸಂಪುಟಗಳಷ್ಟು ಬೆಳೆಯಿತು. ಅದರೊಳಗಿನ ‘ತಿಲಿಸ್ಮ್-ಎ-ಹೋಶ್‌ರುಬಾ’ ಒಂದೇ ಸಾವಿರಾರು ಪುಟ. ಹಂಝಾ ಯಾವ ಮುಖವಾಡದ ವೀರನಿಗೂ ಕಡಿಮೆಯವನಲ್ಲ. ಇಡೀ ಲೋಕವೇ ಹಿಡಿಸುವ ಚೀಲ ಹೆಗಲಿಗೆ ಹಾಕಿಕೊಂಡ ಅಮರ್ ಅಯ್ಯಾರ್‌ನ ಮುಂದೆ ಇಂದಿನ ಎಷ್ಟೋ ಸೂಪರ್ ಹೀರೋಗಳು ಪೇಚಾಡಬೇಕು. ದಾಸ್ತಾನ್ ಹೇಳುವವನ ಹೆಚ್ಚುಗಾರಿಕೆಯನ್ನು ಅಳೆಯುತ್ತಿದ್ದದ್ದೇ ಅವನು ಕಥೆಯನ್ನು ಎಷ್ಟು ಹೊತ್ತು ‘ತಡೆದು’ ನಿಲ್ಲಿಸಬಲ್ಲ ಎಂಬುದರಿಂದ. ಪ್ರೇಮಿಗಳಿಬ್ಬರ ನಡುವೆ ಒಂದು ಪರದೆ, ಅದನ್ನು ಸರಿಸುವುದಷ್ಟೇ ಬಾಕಿ. ಹೇಳುಗ ದಿನಗಟ್ಟಲೆ ಆ ಪರದೆಯನ್ನು ಸರಿಸಲೇ ಇಲ್ಲ, ಕೇಳುಗರು ಎದ್ದು ಹೋಗಲೂ ಇಲ್ಲ ಎಂಬ ಪ್ರತೀತಿಯಿದೆ. ಶಮ್ಸುರ್ರಹಮಾನ್ ಫಾರೂಕಿಯವರು ದಾಸ್ತಾನ್‌ಗಳ ಮೇಲೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ಈ ತಡೆಯುವ ಕಲೆಯನ್ನು ಬಹಳ ಗೌರವದಿಂದ ನೋಡಿದ್ದಾರೆ. ಕಾದಂಬರಿಯ ಅಳತೆಗೋಲಿನಿಂದ ದಾಸ್ತಾನನ್ನು ಅಳೆಯಬೇಡಿ ಎಂಬುದು ಅವರ ವಾದ.

ಹಾಗಾದರೆ ಪರದೆಯ ಹೇಳುಗನನ್ನು ಮೆಚ್ಚಿ ಫಾಕ್‌ನನ್ನು ಬೈಯುವುದು ನ್ಯಾಯವೇ? ವ್ಯತ್ಯಾಸವಿದೆ. ಪರದೆಯ ಮುಂದೆ ನಿಲ್ಲಿಸಿದ ಹೇಳುಗ ಆ ಹೊತ್ತಿನಲ್ಲಿ ಕೇಳುಗರಿಗೆ ಬೇರೆ ಏನನ್ನೋ ಬಡಿಸುತ್ತಿದ್ದ. ಪರದೆಯ ನೇಯ್ಗೆ, ನೇಯ್ದವರ ಕೈ, ತೋಟದ ಹೂ, ಹೆಣ್ಣಿನ ಮನದ ತಳಮಳ, ಅಯ್ಯಾರನ ಒಂದು ಹಾಸ್ಯ. ಭಾಷೆಯೇ ಅಲ್ಲಿ ಊಟ. ದಿಲ್ಲಿಯ ಕೊನೆಯ ದೊಡ್ಡ ದಾಸ್ತಾನ್‌ಗೋ ಎನಿಸಿದ ಮೀರ್ ಬಾಕರ್ ಅಲಿ 1928ರಲ್ಲಿ ತೀರಿಕೊಂಡಾಗ ಜನ ಮರುಗಿದ್ದು ಕಥೆ ಅರ್ಧಕ್ಕೆ ನಿಂತಿತೆಂದಲ್ಲ, ಆ ಮಾತು ಹೋಯಿತೆಂದು. ಫ್ಯಾಂಟಮ್‌ನ ತಡೆಯಲ್ಲಿ ನಮಗೆ ಸಿಕ್ಕಿದ್ದು ಒಂದು ಮರ, ಒಂದು ಕುದುರೆ, ಒಂದು ಗಾದೆ. 1961ರಿಂದ 1994ರವರೆಗೆ ಅದನ್ನು ಬರೆದ ಚಿತ್ರಕಾರ ಸೈ ಬ್ಯಾರಿಯ ಗೆರೆಗಳಿಗೆ ಸಲಾಂ ಹೇಳಲೇಬೇಕು. ಅವನ ಕಾಡಿನ ನೆರಳುಗಳಿಗಾಗಿಯೇ ಎಷ್ಟೋ ಕಂತುಗಳನ್ನು ನಾವು ಮನ್ನಿಸಿದ್ದೇವೆ. ಗೆರೆ ಮಾತ್ರ ಎಷ್ಟು ದಿನ ಹೊಟ್ಟೆ ತುಂಬಿಸೀತು?

ದಾಸ್ತಾನ್ ಲಖನೌ, ದಿಲ್ಲಿಯ ಮಾತು. ನಮ್ಮ ಸೀಮೆಯದ್ದನ್ನೇ ನೋಡೋಣ. ಚಾಮರಾಜನಗರದ ಸುತ್ತ ಹುಟ್ಟಿದವನು ಯಾವ ಧರ್ಮದವನಾಗಿದ್ದರೂ ಕಂಸಾಳೆಯ ಸದ್ದು, ನೀಲಗಾರರ ತಂಬೂರಿಯ ಸದ್ದು ಕಿವಿಗೆ ಬೀಳದೆ ಬೆಳೆಯಲಾರ. ಮಾದೇಶ್ವರನ ಕಥೆ, ಮಂಟೇಸ್ವಾಮಿಯ ಕಥೆ ಎರಡೂ ರಾತ್ರಿಗಟ್ಟಲೆ ಹಾಡುವಂಥವು. ಹಾಡುಗಾರರು ಅದನ್ನು ‘ಸಾಲು’ಗಳಾಗಿ ಕಟ್ಟಿಕೊಂಡಿದ್ದಾರೆ: ಶ್ರವಣಾಸುರನ ಸಾಲು, ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಕೇಳುವವರು ಬಯಸಿದ ಸಾಲನ್ನು ಎತ್ತಿಕೊಂಡರೆ ಅದು ತನ್ನಷ್ಟಕ್ಕೆ ಒಂದು ಪೂರ್ಣ ಕಥೆ. ಕೇಳಿದವನು ಹೊಲಕ್ಕೆ ಹೋಗುವಾಗ ತಲೆಯಲ್ಲಿ ಹೊತ್ತುಕೊಂಡು ಹೋಗಲು ಏನಾದರೂ ಇರುತ್ತದೆ. ಸೋಲಿಗರ ಸಂಕಮ್ಮನನ್ನು ಗಂಡ ಜೇನಿಗೆ ಹೋಗುವ ಮೊದಲು ಆಣೆ ಮಾಡು ಎಂದು ಹಿಂಸಿಸುವ ಭಾಗವನ್ನು ಹಾಡುಗಾರ ಬಹಳ ಎಳೆಯುತ್ತಾನೆ. ಅಲ್ಲಿ ಯಾರೂ ಬೇಗ ಮುಗಿಸು ಎನ್ನುವುದಿಲ್ಲ. ಒಬ್ಬ ಹೆಣ್ಣು ಆಣೆ ಮಾಡಲಾರೆ ಎಂದು ನಿಂತಿದ್ದಾಳೆ. ಅವಳು ನಿಂತಷ್ಟು ಹೊತ್ತು ನಾವೂ ನಿಲ್ಲಬೇಕು, ಬಿಡುವಂತಿಲ್ಲ.

ಮಂಟೇಸ್ವಾಮಿ ಕಾವ್ಯದಲ್ಲಿಯೂ ಒಂದು ಗವಿ ಇದೆ. ಆಚಾರರ ಹುಡುಗ ಕೆಂಪಾಚಾರಿ ಅದರೊಳಗೆ ಹನ್ನೆರಡು ವರ್ಷ ಕಳೆಯುತ್ತಾನೆ. ನಾವು ಕೇಳಿದ ಹಾಡಿಕೆಗಳಲ್ಲಿ ಆ ಹನ್ನೆರಡು ವರ್ಷಗಳು ಬಹಳ ಹೊತ್ತು ಹಿಡಿಯುವುದಿಲ್ಲ. ಅವನು ಸಿದ್ಧಪ್ಪಾಜಿಯಾಗಿ, ಕಬ್ಬಿಣದ ಭಿಕ್ಷೆ ತರಲು ಹಲಗೂರಿಗೆ, ಅದೂ ತನ್ನದೇ ಕುಲದ ಪಾಂಚಾಳರ ಬಾಗಿಲಿಗೆ ಹೋಗಿ ನಿಂತಾಗ ಹಾಡು ನಿಧಾನವಾಗುತ್ತದೆ. ಬಿಟ್ಟು ಬಂದ ನೆಂಟರ ಎದುರು ಭಿಕ್ಷೆಯ ಕೈ ಚಾಚಬೇಕು. ಅವರು ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಪ್ರತಿ ಪರೀಕ್ಷೆಯಲ್ಲಿ ಅವನು ಮೊದಲಿನವನಾಗಿ ಉಳಿಯುವುದಿಲ್ಲ, ಅವರೂ ಉಳಿಯುವುದಿಲ್ಲ. ಎಲ್ಲಿ ಓಡಬೇಕು, ಎಲ್ಲಿ ಕೂರಬೇಕು ಎಂಬುದು ಅಕ್ಷರ ಬಾರದ ಹಾಡುಗಾರನಿಗೂ ಚೆನ್ನಾಗಿ ಗೊತ್ತು. ಸಣ್ಣಕಥೆ ಬರೆಯುವ ನಾವು ಇದನ್ನು ಯಾವ ಕಮ್ಮಟದಲ್ಲೂ ಇಷ್ಟು ಸ್ಪಷ್ಟವಾಗಿ ಕಲಿತಿಲ್ಲ.

ಫ್ಯಾಂಟಮ್‌ನ ಲೆಕ್ಕ ಇದರ ತಲೆಕೆಳಗು. ಅವನ ಗವಿಯಲ್ಲಿ ಕಳೆದದ್ದು ನಾಲ್ಕು ನೂರು ವರ್ಷ. 1536ರಲ್ಲಿ ಕಡಲ್ಗಳ್ಳರಿಂದ ಪಾರಾದ ಒಬ್ಬ ಬಿಳಿಯ, ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಆಣೆ ಮಾಡಿದ. ಅಲ್ಲಿಂದ ಮಗ, ಮೊಮ್ಮಗ ಎಂದು ಇಪ್ಪತ್ತೊಂದು ತಲೆಮಾರು ಅದೇ ಬಿಗಿಯುಡುಪು, ಅದೇ ಉಂಗುರ. ಅವನಿಗೆ ಸಾವಿಲ್ಲವೆಂದು ಕಾಡಿನವರು ನಂಬಬೇಕು. ಕಥೆಯ ಮೂಲ ಬಂಡವಾಳವೇ ಅದು. ಸಾವಿಲ್ಲವೆಂದು ತೋರಬೇಕಾದವನು ಬದಲಾಗುವಂತಿಲ್ಲ. ಬದಲಾಗದವನ ಕಥೆಯಲ್ಲಿ ಪೀಠಿಕೆಯನ್ನು ಎಷ್ಟು ಬೇಕಾದರೂ ಎಳೆಯಬಹುದು, ಪೀಠಿಕೆಯ ನಂತರ ಬರಬೇಕಾದದ್ದು ಬರುವುದಿಲ್ಲ. ಇದೇ ನಮ್ಮ ದೂರಿನ ತಿರುಳು.

ಆರಂಭದಿಂದಲೇ ಈ ಚಾಳಿ ಇತ್ತು ಎನ್ನಲು ಆಧಾರವಿದೆ. ಮೊದಲ ಕಥೆಯಲ್ಲಿ ಜಿಮ್ಮಿ ವೆಲ್ಸ್ ಎಂಬ ಸಿರಿವಂತ ಸೋಮಾರಿ ಬರುತ್ತಾನೆ. ಮುಖವಾಡದ ಹಿಂದೆ ಇರುವವನು ಇವನೇ ಎಂದು ಮಾಡುವುದು ಫಾಕ್‌ನ ಮೂಲ ಯೋಚನೆಯಾಗಿತ್ತು. ಕಥೆ ಅಚ್ಚಾಗುತ್ತಿರುವಾಗಲೇ ಅವನ ಮನಸ್ಸು ಬದಲಾಗಿ ವೀರ ಕಾಡು ಸೇರಿದ, ಜಿಮ್ಮಿ ಮೂಲೆ ಸೇರಿದ. ವಾರಗಟ್ಟಲೆ ಜಿಮ್ಮಿಯ ಆಕಳಿಕೆಗಳಲ್ಲಿ ಸುಳಿವು ಹುಡುಕಿದ ಓದುಗನಿಗೆ ಯಾರೂ ಲೆಕ್ಕ ಒಪ್ಪಿಸಲಿಲ್ಲ. ಮುಖವಾಡ ತೊಟ್ಟ ವೀರರಲ್ಲಿ ಇವನು 1938ರ ಸೂಪರ್‌ಮ್ಯಾನ್‌ಗಿಂತ ಹಿರಿಯ. ಮುಂದೆ ಬಂದ ಎಲ್ಲ ಸೂಪರ್ ಹೀರೋ ಮಾಲಿಕೆಗಳಿಗೂ ಈ ತೀರದ ಸಾಲವನ್ನು ಇವನೇ ಹೇಳಿಕೊಟ್ಟನೇನೋ.

1999ರಲ್ಲಿ ಲೀ ಫಾಕ್ ತೀರಿಕೊಂಡ. ಆಮೇಲೆ ಮುಖ್ಯವಾಗಿ ಬರೆದವನು ಟೋನಿ ಡಿಪಾಲ್. ಇವನು ಹೆಚ್ಚು ಓದಿದವನಂತೆ, ಹೆಚ್ಚು ಯೋಚಿಸುವವನಂತೆ ಕಾಣುತ್ತಾನೆ, ಆದ್ದರಿಂದ ಹೆಚ್ಚು ಕಾಯಿಸುತ್ತಾನೆ. 2009ರಲ್ಲಿ ಡಯಾನಾ ಸತ್ತಳೆಂದು ಶುರುವಾದ ಕಥೆ ಮುಗಿದದ್ದು 2011ರಲ್ಲಿ, ಸುಮಾರು ಇಪ್ಪತ್ತೊಂದು ತಿಂಗಳ ಮೇಲೆ. ಅವಳು ಸತ್ತಿರಲಿಲ್ಲ, ಪಕ್ಕದ ದೇಶದ ಸೆರೆಮನೆಯಲ್ಲಿದ್ದಳು. 2021ರ ನಂತರದ ದೀರ್ಘ ಕಥೆಯಂತೂ ಇನ್ನೂ ವಿಚಿತ್ರ. ಅದೇ ಸೆರೆಮನೆಯಿಂದ ಸವರ್ಣಾ ದೇವಿ ಎಂಬ ಭಾರತೀಯ ಹೆಣ್ಣನ್ನು ಬಿಡಿಸಲು ಹೊರಟ ಫ್ಯಾಂಟಮ್‌ನಿಗೆ ಮೋಝ್ ಎಂಬ ಮುದುಕ, ನೀನು ಹೋದರೆ ನಿನ್ನ ವಂಶವೇ ಹಾಳಾಗುತ್ತದೆ ಎಂದು ಭವಿಷ್ಯ ಹೇಳುತ್ತಾನೆ. ಆ ಭವಿಷ್ಯವನ್ನೇ ಕಂತು ಕಂತಾಗಿ, ವರ್ಷದ ಮೇಲೆ ವರ್ಷ ಬಿಡಿಸಲಾಯಿತು. ಓದುಗ ನೋಡುತ್ತಿರುವುದು ನಡೆದದ್ದನ್ನಲ್ಲ, ನಡೆಯದೆಯೂ ಇರಬಹುದಾದದ್ದನ್ನು. ವೀರ ಬೇರೆ ದಾರಿ ಹಿಡಿದರೆ ಅಷ್ಟೂ ಕಂತುಗಳ ಸಾವು ನೋವು ಗಾಳಿಗೆ ಹೋಗುತ್ತದೆ. ಮನೆಗೆ ಬೆಂಕಿ ಬಿದ್ದಿತೆಂದು ಊರೆಲ್ಲ ಎಬ್ಬಿಸಿ, ಬೀಳಬಹುದಿತ್ತು ಎಂದೆ ಅಷ್ಟೆ ಎನ್ನುವವನನ್ನು ಏನೆಂದು ಕರೆಯುತ್ತೀರಿ? ಇದರಲ್ಲಿ ಒಳ್ಳೆಯ ದೃಶ್ಯಗಳಿಲ್ಲ ಎಂದಲ್ಲ. ತನ್ನ ಒಳ್ಳೆಯತನವೇ ಮನೆ ಸುಡಬಹುದು ಎಂದು ಒಬ್ಬ ವೀರ ಮೊದಲ ಬಾರಿಗೆ ಹೆದರುವುದು ದೊಡ್ಡ ವಸ್ತು. ಅದಕ್ಕೆ ನಾಲ್ಕಾರು ತಿಂಗಳು ಸಾಕಿತ್ತು.

ಇಲ್ಲಿ ಇಬ್ನೆ ಸಫಿಯ ನೆನಪಾಗದೆ ಇರದು. 1952ರಿಂದ ‘ಜಾಸೂಸಿ ದುನಿಯಾ’, 1955ರಿಂದ ಇಮ್ರಾನ್ ಮಾಲಿಕೆ. ಒಂದೊಂದು ಸಂಚಿಕೆಯೂ ಒಂದು ಕಾದಂಬರಿ. ಹೆಚ್ಚಿನವು ಅದರಲ್ಲೇ ಮುಗಿಯುತ್ತಿದ್ದವು, ಕೆಲವು ಮಾತ್ರ ಮುಂದಿನದಕ್ಕೆ ದಾಟುತ್ತಿದ್ದವು. ಫರೀದಿಯಾಗಲಿ ಇಮ್ರಾನ್ ಆಗಲಿ ದೊಡ್ಡ ಬದಲಾವಣೆ ಕಂಡವರಲ್ಲ ಎಂದು ನೀವು ವಾದಿಸಬಹುದು. ನಿಜ. ಆದರೆ ಬಾಡಿಗೆ ಲೈಬ್ರರಿಗೆ ಕೊಟ್ಟ ನಾಲ್ಕಾಣೆಗೆ ಅಷ್ಟಿಷ್ಟು ನಗು, ಒಂದು ಒಗಟು, ಒಂದು ಬಿಡಿಸಿದ ಗಂಟು ಸಿಗುತ್ತಿತ್ತು. ಓದುಗನ ಕಾಸಿಗೂ ಹೊತ್ತಿಗೂ ಬೆಲೆಯಿದೆ ಎಂದು ತಿಳಿದ ಲೇಖಕ ಅವನು.

ಹೊತ್ತಿನ ಬೆಲೆಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಬೇಕು. ಚಿಕ್ಕಲ್ಲೂರು ಜಾತ್ರೆಗೆ ತಪ್ಪದೆ ಹೋಗುವ ನೀಲಗಾರ ಹಿರಿಯರೊಬ್ಬರಿಗೆ ಫ್ಯಾಂಟಮ್‌ನ ಹಳೆಯ ಪುಸ್ತಿಕೆ ತೋರಿಸಿ ಕಥೆ ವಿವರಿಸಿದ್ದೆವು. ಅವರು ಮುಖವಾಡದವನನ್ನು ಹೆಚ್ಚು ನೋಡಲಿಲ್ಲ. ಗುಹೆಯ ಅಕ್ಕಪಕ್ಕ ಬಿಲ್ಲು ಹಿಡಿದು ನಿಂತ ಕುಳ್ಳ ಜನ, ಬಂಡಾರರ ಮೇಲೆ ಬೆರಳಿಟ್ಟು ಕೇಳಿದರು: ‘ಅಲ್ಲಾ ಸಾಬ್ರೇ, ಇವ್ರು ಅಂದಿಂದ್ಲೂ ಇಲ್ಲೇ ನಿಂತವ್ರಾ? ಇವ್ರ ಕತ ಯಾರೂ ಹೇಳ್ನಿಲ್ವಾ?’

ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲ ಫ್ಯಾಂಟಮ್ ಅವರನ್ನು ಗುಲಾಮಗಿರಿಯಿಂದ ಬಿಡಿಸಿದ ಎನ್ನುತ್ತದೆ ಕಥೆ. ಬಿಡುಗಡೆಯಾದವರು ನಾಲ್ಕು ನೂರು ವರ್ಷ ಬಿಡಿಸಿದವನ ಬಾಗಿಲು ಕಾದರು. ವಿಷದ ಬಾಣಕ್ಕೆ ಕಾಡೆಲ್ಲ ನಡುಗುವ ಜನ. ಆದರೂ ಆಪತ್ತು ಬಂದಾಗ ಡೋಲು ಬಾರಿಸಿ ಅವನು ಬರುವವರೆಗೆ ಕಾಯುವುದೇ ಅವರ ಕೆಲಸ. ಅವನ ಬಾಲ್ಯದ ಗೆಳೆಯ, ಬಂಡಾರರ ನಾಯಕ ಗುರಾನ್ ನಾವು ಓದಿದ ಕಥೆಗಳಲ್ಲಿ ತನಗಾಗಿ ಏನನ್ನೂ ಬಯಸಿದ್ದಿಲ್ಲ. ಅವನಿಗೆ ಹೆಂಡತಿ ಮಕ್ಕಳ ಚಿಂತೆ ಇತ್ತೇ, ಒಂದು ದಿನವಾದರೂ ಗೆಳೆಯನ ಮೇಲೆ ಕೋಪ ಬಂದಿತ್ತೇ? ಇಲ್ಲಿ ನಿಧಾನದ ಭಾರ ಯಾರ ಹೆಗಲ ಮೇಲಿದೆ ಎಂದು ನೋಡಿ. ಬಿಳಿಯ ವೀರ ಯಾವಾಗ ಬೇಕಾದರೂ ಕುದುರೆ ಏರಬಹುದು. ಕಾಯುವುದು ಕಪ್ಪು ಜನ, ಕಾಯುವುದು ಹೆಣ್ಣು, ಕಾಯುವುದು ಓದುಗ. ಬಂಗಲ್ಲಾ ದೇಶಕ್ಕೆ ಫಾಕ್ ನಂತರದ ದಿನಗಳಲ್ಲಿ ಲುವಾಗಾ ಎಂಬ ಕಪ್ಪು ಅಧ್ಯಕ್ಷನನ್ನು ಕೊಟ್ಟ. ಅದು ಅವನ ಒಳ್ಳೆಯ ಬುದ್ಧಿ. ಆ ಅಧ್ಯಕ್ಷನೂ ಗಂಡಾಂತರ ಬಂದಾಗ ನೋಡುವುದು ಕಾಡಿನ ಕಡೆಗೇ.

ನಮ್ಮ ದೇಶದ ಓದುಗರಿಗೆ ಇದನ್ನು ಮರೆಸಲು ಇಂದ್ರಜಾಲ್‌ನವರು ಮೂಲದಲ್ಲಿದ್ದ ‘ಬೆಂಗಾಲಿ’ ಎಂಬ ನಾಡಿನ ಹೆಸರನ್ನು ‘ಡೆಂಕಾಲಿ’ ಎಂದು ಬದಲಿಸಿದರು, ಸಿಂಗ್ ಎಂಬ ಕಡಲ್ಗಳ್ಳರನ್ನು ‘ಸಿಂಗಾ’ ಮಾಡಿದರು. ಹೆಸರು ಬದಲಾದರೆ ಪೂರ್ವದವರು ಕಳ್ಳರು, ಪಶ್ಚಿಮದವನು ಕಾವಲುಗಾರ ಎಂಬ ಹಂಚಿಕೆ ಬದಲಾಗುತ್ತದೆಯೇ? ಚಿಕ್ಕಂದಿನಲ್ಲಿ ನಾವೂ ಕಟ್ಟಿಗೆಯ ತುಂಡಿನಿಂದ ಫ್ಯಾಂಟಮ್ ಆಡಿದವರೇ. ಕಳ್ಳರಾಗಲು ಯಾವ ಹುಡುಗನೂ ಒಪ್ಪುತ್ತಿರಲಿಲ್ಲ. ಬಂಡಾರ ಆಗುವ ಮಾತಂತೂ ಯಾರ ತಲೆಗೂ ಹೊಳೆದಿರಲಿಲ್ಲ, ಆಟದಲ್ಲಿ ಅವನಿಗೆ ಕೆಲಸವೇ ಇರಲಿಲ್ಲವಲ್ಲ.

ಈ ಮಾಲಿಕೆ ಕಾಲೆತ್ತಿ ಇಡಬಲ್ಲದು ಎಂಬುದಕ್ಕೂ ಸಾಕ್ಷಿಗಳಿವೆ. 1952ರಲ್ಲೇ ಫಾಕ್ ಹದಿನೇಳನೆಯ ಫ್ಯಾಂಟಮ್‌ನ ಅವಳಿ ಸೋದರಿ ಜೂಲಿಗೆ ಅಣ್ಣನ ವೇಷ ತೊಡಿಸಿ ಒಂದು ಕಥೆ ಬರೆದ. ಅದು ಎಲ್ಲೂ ಏಗುವುದಿಲ್ಲ, ಏಕೆಂದರೆ ಅವಳು ಕಳೆದುಕೊಳ್ಳಬಹುದಾದದ್ದು ಇತ್ತು. ಈಗಿನ ಫ್ಯಾಂಟಮ್‌ನ ಅವಳಿ ಮಕ್ಕಳು ಕಿಟ್ ಮತ್ತು ಹೆಲೋಯಿಸ್ ಹುಟ್ಟಿದ್ದು 1970ರ ದಶಕದ ಕೊನೆಗೆ. ದಶಕಗಳ ಕಾಲ ಚಿಕ್ಕವರಾಗಿಯೇ ಉಳಿದಿದ್ದ ಅವರನ್ನು ಡಿಪಾಲ್ ಬೆಳೆಸಿದ. ಮಗ ಹಿಮಾಲಯಕ್ಕೆ ಓದಲು ಹೋದ, ಮಗಳು ನ್ಯೂಯಾರ್ಕಿಗೆ. ಅಲ್ಲಿ ಹೆಲೋಯಿಸ್ ತನ್ನ ಕೋಣೆಯ ಗೆಳತಿಯ ತಂದೆಯೇ ಭಯೋತ್ಪಾದಕನೆಂದು ತಿಳಿದು, ಅಪ್ಪನಿಗಾಗಿ ಕಾಯದೆ ತಾನೇ ಅವನನ್ನು ಹಿಡಿಯುತ್ತಾಳೆ. ಹಿಡಿದ ಮೇಲೆ ಗೆಳತಿಯ ಮುಖ ನೋಡಬೇಕಾಗುತ್ತದೆ. ನಾವು ಕಂಡಂತೆ ಇಡೀ ಮಾಲಿಕೆಯಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಮನೆಯನ್ನು ಮುರಿದು ಆ ಇಬ್ಬರನ್ನೂ ಒಂದೇ ಸೂರಿನಡಿ ಕೂರಿಸಿದ ಅಪರೂಪದ ಭಾಗ ಇದು. ಅದೂ ನಿಧಾನವಾದ ಕಥೆಯೇ. ಯಾರೂ ಬೇಸರಪಟ್ಟುಕೊಳ್ಳಬೇಕಿಲ್ಲ.

ವಂಶದ ನಿಯಮದಂತೆ ಮುಂದಿನ ಮುಖವಾಡ ಮಗನಿಗೆ ಮೀಸಲು. ಮಗ ಬೆಟ್ಟದಲ್ಲಿ ಪಾಠ ಕೇಳುತ್ತಿದ್ದಾಗ ಮಗಳು ಪರೀಕ್ಷೆ ಮುಗಿಸಿ ಬಂದಿದ್ದಾಳೆ. ಇಪ್ಪತ್ತೆರಡನೆಯ ಫ್ಯಾಂಟಮ್ ಯಾರು ಎಂಬ ಪ್ರಶ್ನೆಯನ್ನು ಬರೆಯುವವರು ಇನ್ನು ಎಷ್ಟು ವರ್ಷ ಪರದೆಯ ಹಿಂದೆ ಇಡುತ್ತಾರೋ. ಡಯಾನಾಳ ಲೆಕ್ಕದಲ್ಲಿ ಹೋದರೆ, ಆ ಪರದೆ ಸರಿಯುವುದನ್ನು ನೋಡುವವರು ನಮ್ಮ ಮೊಮ್ಮಕ್ಕಳು.